‘ವಶೀಕರಣ ಚಿಕಿತ್ಸೆ’ ಅಂತ ಬರೆದು ಸಿಕ್ಕಿಬಿದ್ದೆ: ಹಿಪ್ನಾಟಿಸಂಗೆ ಕನ್ನಡದಲ್ಲಿ ಏನೆನ್ನುವುದು?

ಪೆರ್ಲದ ಟೀಚರ್

ಎಲ್ಲರಿಗೂ ನಮಸ್ಕಾರ. ಒಂದು ಪದದ ಗೊಂದಲ ಉಂಟು, ಸಹಾಯ ಬೇಕು.

ನಾನು ಶಾಲೆಯ ಕೆಲಸದ ನಡುವೆ ಆಗೊಮ್ಮೆ ಈಗೊಮ್ಮೆ ಮಲಯಾಳಂನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುತ್ತೇನೆ. ಕಾಸರಗೋಡಿನಲ್ಲಿ ಇದು ಮುಗಿಯದ ಕೆಲಸ ಅಂತ ನಿಮಗೆಲ್ಲ ಗೊತ್ತು. ನೋಟಿಸು, ಅರ್ಜಿ, ಕರಪತ್ರ ಎಲ್ಲವೂ ಮೊದಲು ಮಲಯಾಳಂನಲ್ಲಿ ಬರುತ್ತವೆ, ಆಮೇಲೆ ಯಾರಾದರೂ ಪುಣ್ಯಾತ್ಮರು ಕನ್ನಡ ಮಾಡಬೇಕು. ಕಳೆದ ತಿಂಗಳು ಒಂದು ಕೌನ್ಸೆಲಿಂಗ್ ಕ್ಲಿನಿಕ್‌ನ ಕರಪತ್ರ ಬಂತು. ಪರೀಕ್ಷೆಯ ಭಯ, ಉಗುರು ಕಚ್ಚುವುದು, ಸಿಗರೇಟು ಬಿಡಿಸುವುದು, ಹೀಗೆ ಒಂದು ಪಟ್ಟಿ. ಅದರಲ್ಲಿ ‘ಹಿಪ್ನೋಥೆರಪಿ’ ಅಂತ ದೊಡ್ಡದಾಗಿ ಇತ್ತು, ಕೆಳಗೆ ಸಣ್ಣದಾಗಿ ‘ಮೋಹನಿದ್ರ’. ಮೋಹನಿದ್ರೆ ಅಂದರೆ ನಮ್ಮವರಿಗೆ ಯಾವುದೋ ಹಳೆ ನಾಟಕದ ಹೆಸರಿನ ಹಾಗೆ ಕೇಳಿಸುತ್ತದೆ ಅನಿಸಿತು. ರಾತ್ರಿ ಹನ್ನೊಂದು ಗಂಟೆ, ಕಣ್ಣು ಎಳೆಯುತ್ತಿತ್ತು. ‘ವಶೀಕರಣ ಚಿಕಿತ್ಸೆ’ ಅಂತ ಬರೆದು ಕಳುಹಿಸಿಬಿಟ್ಟೆ.

ಐನೂರು ಪ್ರತಿ ಅಚ್ಚಾಯಿತು. ಮೊನ್ನೆ ಒಬ್ಬ ತಾಯಿ ಹತ್ತನೇ ಕ್ಲಾಸಿನ ಮಗಳನ್ನು ಕರಕೊಂಡು ಬಂದವರು, ಕಾಯುತ್ತಾ ಕೂತಾಗ ಇದನ್ನು ಓದಿ, ಮಗಳ ಕೈ ಹಿಡಿದು ಎದ್ದು ಹೋದರಂತೆ. ‘ಇಲ್ಲಿ ವಶೀಕರಣ ಎಲ್ಲ ಮಾಡುತ್ತಾರಾ’ ಅಂತ ಕೇಳಿ. ಡಾಕ್ಟರು ಫೋನ್ ಮಾಡಿ ನಕ್ಕರು. ಬೈದಿದ್ದರೇ ನನಗೆ ಒಳ್ಳೆಯದಿತ್ತು.

ಈಗ ನನ್ನದೇ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸುತ್ತೇನೆ ಅಂದಿದ್ದೇನೆ. ಸರಿಯಾದ ಪದ ಹೇಳಿ. ಆ ಪದ ಎಲ್ಲಿಂದ ಬಂತು ಅಂತಲೂ ಹೇಳಿ, ಇನ್ನೊಮ್ಮೆ ಎಡವಬಾರದು.

ಉಪ್ಪಳದ ಹುಡುಗ

ಟೀಚರ್, ಬಸ್‌ಸ್ಟ್ಯಾಂಡಿನ ಗೋಡೆ ನೋಡಲಿಲ್ವಾ ನೀವು? ‘ಸ್ತ್ರೀ ಪುರುಷ ವಶೀಕರಣ, ಅತ್ತೆ ಸೊಸೆ ಜಗಳ, 24 ಗಂಟೆಯಲ್ಲಿ ಪರಿಹಾರ’. ಆ ಅಮ್ಮನ ತಪ್ಪೇನೂ ಇಲ್ಲ. ನಾನಾದರೂ ಓಡುತ್ತಿದ್ದೆ 😄

ತಾಳಮದ್ದಳೆ ಮರುಳ

ಇದಕ್ಕೆ ಇಷ್ಟು ತಲೆಬಿಸಿ ಯಾಕೆ ಟೀಚರ್? ‘ಸಮ್ಮೋಹನ’ ಅಂತ ಚಂದದ ಪದ ಇದೆಯಲ್ಲ. ಮರಾಠಿಯವರು, ಹಿಂದಿಯವರು ಎಲ್ಲ ಅದನ್ನೇ ಹೇಳುತ್ತಾರೆ. ನಮಗೆ ಹೊಸತೇನಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವರಿಗೆ ಸಮ್ಮೋಹನಾಸ್ತ್ರ ಗೊತ್ತಿಲ್ಲ ಅಂದರೆ ಹೇಗೆ!

ವಿರಾಟಪರ್ವದ ಗೋಗ್ರಹಣದ ಕಥೆ ನೆನಪು ಮಾಡಿಕೊಳ್ಳಿ. ಉತ್ತರ ಕುಮಾರ ಹೊರಡುವಾಗ ತಂಗಿ ಉತ್ತರೆ ಬೃಹನ್ನಳೆಗೆ ಹೇಳಿ ಕಳುಹಿಸುತ್ತಾಳೆ, ನನ್ನ ಗೊಂಬೆಗಳಿಗೆ ಉಡಿಸಲು ಕೌರವರ ಬಣ್ಣದ ಬಟ್ಟೆ ತನ್ನಿ ಅಂತ. ಹುಡುಗಿಯ ಆಸೆ ಅದು. ಯುದ್ಧದ ಕೊನೆಗೆ ಅರ್ಜುನ ಸಮ್ಮೋಹನಾಸ್ತ್ರ ಬಿಟ್ಟು ಶಂಖ ಊದುತ್ತಾನೆ. ಕೌರವ ಸೇನೆ ನಿಂತಲ್ಲೇ ಮೈಮರೆತು ಬೀಳುತ್ತದೆ. ಆಗ ಉತ್ತರ ರಥದಿಂದ ಇಳಿದು ದ್ರೋಣ ಕೃಪರ ಬಿಳಿ ಬಟ್ಟೆ, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ ಬಟ್ಟೆ ಸುಲಿದು ತರುತ್ತಾನೆ. ಭೀಷ್ಮರ ಹತ್ತಿರ ಮಾತ್ರ ಹೋಗಬೇಡ ಅನ್ನುತ್ತಾನೆ ಅರ್ಜುನ, ಅವರಿಗೆ ಈ ಅಸ್ತ್ರದ ಪ್ರತಿವಿದ್ಯೆ ಗೊತ್ತು. ಒಬ್ಬರ ಪ್ರಾಣವೂ ಹೋಗುವುದಿಲ್ಲ, ಮಾನ ಮಾತ್ರ ಹೋಗುತ್ತದೆ.

ಇನ್ನೊಂದು, ಮನ್ಮಥನ ಐದು ಬಾಣಗಳಲ್ಲೂ ಸಮ್ಮೋಹನ ಉಂಟು. ಉನ್ಮಾದನ, ತಾಪನ, ಶೋಷಣ, ಸ್ತಂಭನ, ಸಮ್ಮೋಹನ. ಅಸ್ತ್ರಕ್ಕೂ ಅದೇ ಹೆಸರು, ಪ್ರೀತಿಗೂ ಅದೇ ಹೆಸರು. ಇದಕ್ಕಿಂತ ಒಳ್ಳೆಯ ಪದ ಎಲ್ಲಿ ಸಿಗುತ್ತದೆ?

ಬದಿಯಡ್ಕ ಮಾಷ್ಟ್ರು

ಭಾವಯ್ಯ, ನಿಮ್ಮ ಉದಾಹರಣೆಯೇ ನಿಮಗೆ ತಿರುಗಿ ಬೀಳುತ್ತದೆ. ಸಮ್ಮೋಹನಾಸ್ತ್ರ ಬಿದ್ದವರ ಬಟ್ಟೆ ಹೋಯಿತು ಅಂತ ನೀವೇ ಹೇಳಿದಿರಿ. ಆ ತಾಯಿ ಹೆದರಿದ್ದೂ ಅದಕ್ಕೇ ಅಲ್ವಾ? ಮೈಮರೆತಾಗ ನನ್ನ ಮಗಳಿಗೆ ಏನು ಮಾಡುತ್ತಾರೋ ಅಂತ.

ಪದದ ಮೂಲ ಹೇಳುತ್ತೇನೆ. ಸಂಸ್ಕೃತದ ‘ಮುಹ್’ ಧಾತು. ದಿಕ್ಕು ತಪ್ಪುವುದು, ಬುದ್ಧಿ ಮಸುಕಾಗುವುದು ಅಂತ ಅರ್ಥ. ಮೋಹ, ಮೂಢ, ಮುಗ್ಧ ಮೂರೂ ಅದರ ಮಕ್ಕಳು. ಮೂಢ ಅಂದರೆ ಬೈಗುಳ, ಮುಗ್ಧ ಅಂದರೆ ಹೊಗಳಿಕೆ, ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಗೀತೆಯ ಎರಡನೇ ಅಧ್ಯಾಯದಲ್ಲಿ ‘ಕ್ರೋಧಾದ್ಭವತಿ ಸಂಮೋಹಃ’ ಅಂತ ಬರುತ್ತದೆ. ಸಿಟ್ಟಿನಿಂದ ಸಂಮೋಹ, ಅದರಿಂದ ನೆನಪು ಕೆಡುತ್ತದೆ, ಆಮೇಲೆ ಬುದ್ಧಿನಾಶ. ಅಲ್ಲಿ ಸಂಮೋಹ ಒಳ್ಳೆಯ ಸ್ಥಿತಿ ಅಲ್ಲವೇ ಅಲ್ಲ.

ಬರೆಯುವ ರೀತಿಯ ಬಗ್ಗೆಯೂ ಒಂದು ಮಾತು. ಸಂ ಮತ್ತು ಮೋಹನ ಸೇರಿ ‘ಸಮ್ಮೋಹನ’ ಆಗುತ್ತದೆ, ಸಮ್ಮತಿ ಆದ ಹಾಗೆ. ‘ಸಂಮೋಹನ’ ಅಂತ ಬರೆದರೂ ತಪ್ಪಲ್ಲ. ‘ಸನ್ಮೋಹನ’ ಮಾತ್ರ ತಪ್ಪು, ಸನ್ಮಾನ ನೋಡಿ ಯಾರೋ ಮಾಡಿಕೊಂಡದ್ದು. ಪತ್ರಿಕೆಗಳಲ್ಲಿ ‘ಸಮ್ಮೋಹಿನಿ’ ಅಂತಲೂ ಬರುತ್ತದೆ. ಸಮ್ಮೋಹಿನಿ ಅಂದರೆ ಮೋಹಗೊಳಿಸುವವಳು. ವಿದ್ಯೆ ಎಂಬುದು ಸಂಸ್ಕೃತದಲ್ಲಿ ಸ್ತ್ರೀಲಿಂಗ, ಹಾಗಾಗಿ ‘ಸಮ್ಮೋಹಿನಿ ವಿದ್ಯೆ’ ಸರಿ. ವಿದ್ಯೆ ಬಿಟ್ಟು ಬರೀ ‘ಸಮ್ಮೋಹಿನಿಗೆ ಒಳಗಾದರು’ ಅಂದರೆ ಯಾವುದೋ ಹೆಣ್ಣಿನ ಬಲೆಗೆ ಬಿದ್ದ ಹಾಗೆ ಆಗುತ್ತದೆ.

ಉಪ್ಪಳದ ಹುಡುಗ

ಮಾಷ್ಟ್ರೇ, ಹತ್ತು ವರ್ಷದಿಂದ ನಾನು ಸನ್ಮೋಹನ ಅಂತಲೇ ಬರೆಯುತ್ತಿದ್ದೆ. ಇವತ್ತೇ ಬಿಟ್ಟೆ.

ಕುಂಬಳೆ ಮೆಡಿಕಲ್ಸ್ ಅಣ್ಣ

ಅಂಗಡಿ ಬಾಗಿಲು ಹಾಕಿ ಬಂದು ಬರೆಯುತ್ತಿದ್ದೇನೆ, ತಡವಾಯಿತು.

ನಮ್ಮ ಔಷಧಿಯ ಭಾಷೆಯಲ್ಲಿ ‘ಹಿಪ್ನಾಟಿಕ್’ ಅಂದರೆ ನಿದ್ದೆ ಬರಿಸುವ ಮಾತ್ರೆ, ಅಷ್ಟೇ. ಕಣ್ಣಿಗೆ ಕಣ್ಣಿಟ್ಟು ನೋಡುವುದು, ಗಡಿಯಾರ ಆಡಿಸುವುದು ಯಾವುದೂ ಇಲ್ಲ. ಹಿಪ್ನೋಸ್ ಅಂದರೆ ಗ್ರೀಕರ ನಿದ್ರಾದೇವತೆ. ಅವನ ತಾಯಿ ರಾತ್ರಿ, ಅವನ ಅಣ್ಣತಮ್ಮ ಸಾವು. ನಮ್ಮಲ್ಲೂ ಸತ್ತವರಿಗೆ ‘ಚಿರನಿದ್ರೆ’ ಅನ್ನುತ್ತೇವಲ್ಲ.

ಹಿಪ್ನಾಟಿಸಂ ಎಂಬ ಪದವನ್ನು ಚಾಲ್ತಿಗೆ ತಂದವರು ಜೇಮ್ಸ್ ಬ್ರೇಡ್, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದ ಸ್ಕಾಟಿಷ್ ಸರ್ಜನ್. 1841ರಲ್ಲಿ ಅಲ್ಲಿಗೆ ಲಫೋಂಟೇನ್ ಎಂಬ ಒಬ್ಬ ಪ್ರದರ್ಶನಗಾರ ಬಂದ, ವೇದಿಕೆ ಮೇಲೆ ಜನರನ್ನು ಮೈಮರೆಸಿ ತೋರಿಸುವವನು. ಇದೆಲ್ಲ ಮೋಸ, ಬಯಲು ಮಾಡುತ್ತೇನೆ ಅಂತ ಬ್ರೇಡ್ ನೋಡಲು ಹೋದರು. ನೋಡಿದರೆ ಒಬ್ಬನಿಗೆ ನಿಜವಾಗಿಯೂ ಕಣ್ಣು ತೆರೆಯಲು ಆಗುತ್ತಿಲ್ಲ. ಆಮೇಲೆ ತಾವೇ ಮನೆಯವರ ಮೇಲೆ, ಗೆಳೆಯರ ಮೇಲೆ ಪರೀಕ್ಷೆ ಮಾಡಿದರು. ಹೊಳೆಯುವ ವಸ್ತುವೊಂದನ್ನು ಕಣ್ಣಿಗಿಂತ ಸ್ವಲ್ಪ ಮೇಲೆ ಹಿಡಿದು ಎವೆಯಿಕ್ಕದೆ ನೋಡಿ ಅನ್ನುವುದು. ಸ್ವಲ್ಪ ಹೊತ್ತಿಗೆ ರೆಪ್ಪೆ ಮುಚ್ಚುತ್ತದೆ. ಇದು ನರಗಳ ಒಂದು ಬಗೆಯ ನಿದ್ದೆ ಅಂದುಕೊಂಡು 1843ರ ತಮ್ಮ ಪುಸ್ತಕದಲ್ಲಿ ಆ ಹೆಸರು ಕೊಟ್ಟರು.

ತಮಾಷೆ ಎಂದರೆ ಕೆಲವೇ ವರ್ಷದಲ್ಲಿ ಅವರಿಗೇ ಆ ಹೆಸರು ಬೇಡವಾಯಿತು. ಇದು ನಿದ್ದೆಯೇ ಅಲ್ಲ, ಒಂದೇ ವಿಚಾರದಲ್ಲಿ ಮನಸ್ಸು ಪೂರ್ತಿ ನೆಡುವುದು ಅಂತ ಗೊತ್ತಾಗಿ ‘ಮಾನೋಐಡಿಯಿಸಂ’ ಅಂತ ಇನ್ನೊಂದು ಹೆಸರು ಮಾಡಿದರು. ಯಾರೂ ಕೇಳಲಿಲ್ಲ. ಹೆಸರು ಇಟ್ಟ ಅಪ್ಪನಿಗೂ ಒಮ್ಮೆ ಊರು ಹಿಡಿದ ಹೆಸರನ್ನು ಬದಲಿಸಲು ಆಗುವುದಿಲ್ಲ ಮಾರಾಯ್ರೇ.

ಪೆರ್ಲದ ಟೀಚರ್

ಅಣ್ಣ, ಹಾಗಾದರೆ ಮಲಯಾಳಂನ ‘ಮೋಹನಿದ್ರ’ ಎರಡು ಕಡೆಯಿಂದಲೂ ತಪ್ಪು! ಮೋಹವೂ ಅಲ್ಲ, ನಿದ್ದೆಯೂ ಅಲ್ಲ. ಆದರೂ ವಶೀಕರಣ ಬರೆದ ನಾನು ಅವರನ್ನು ಆಡಿಕೊಳ್ಳುವ ಹಾಗಿಲ್ಲ.

ನಿಜವಾಗಿಯೂ ನಿದ್ದೆ ಅಲ್ವಾ ಅದು? ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಾರಲ್ಲ.

ಸೈಕಾಲಜಿ ವಿದ್ಯಾರ್ಥಿನಿ

ಅಲ್ಲ ಟೀಚರ್. ಮೆದುಳಿನ ಅಲೆಗಳನ್ನು ಅಳೆದರೆ ನಿದ್ದೆಯ ಗುರುತು ಕಾಣುವುದಿಲ್ಲ. ಅವರಿಗೆ ಹೇಳಿದ್ದು ಕೇಳುತ್ತಿರುತ್ತದೆ, ಉತ್ತರ ಕೊಡುತ್ತಾರೆ, ಜಾಸ್ತಿ ಜನರಿಗೆ ಆಮೇಲೆ ನೆನಪೂ ಇರುತ್ತದೆ. ಕಾದಂಬರಿ ಓದುತ್ತಾ ಒಲೆ ಮೇಲಿನ ಹಾಲು ಉಕ್ಕಿದ್ದು ಗೊತ್ತಾಗದೆ ಹೋಗುತ್ತದಲ್ಲ, ಅದರ ಅಕ್ಕಪಕ್ಕದ ಸ್ಥಿತಿ ಅಂದುಕೊಳ್ಳಿ.

ಎಲ್ಲರೂ ಒಂದೇ ಮಟ್ಟಕ್ಕೆ ಹೋಗುವುದಿಲ್ಲ. 1959ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ ಸೇರಿ ಇದಕ್ಕೆ ಒಂದು ಅಳತೆಗೋಲು ಮಾಡಿದರು. 12 ಸಣ್ಣ ಪರೀಕ್ಷೆಗಳು. ಕೈ ಭಾರವಾಗುತ್ತಿದೆ ಅನ್ನುವುದು, ಇಲ್ಲದ ನೊಣ ಗುಂಯ್ ಅನ್ನುತ್ತಿದೆ ಅನ್ನುವುದು, ಹೀಗೆ. ಕೆಲವರು ನೊಣ ಓಡಿಸುತ್ತಾರೆ. ಕೆಲವರಿಗೆ ಏನೂ ಆಗುವುದಿಲ್ಲ, ಎದುರಿಗೆ ಎಂಥ ಪಂಡಿತ ಕೂತಿದ್ದರೂ. ಅಂದರೆ ಮಾಡುವವರಿಗಿಂತ ಆಗುವವರ ಪಾತ್ರ ದೊಡ್ಡದು. ವಶೀಕರಣ ಎಂಬ ಪದ ಇದನ್ನು ಪೂರ್ತಿ ಉಲ್ಟಾ ಮಾಡಿಬಿಡುತ್ತದೆ.

ಮಂಜೇಶ್ವರದ ಮಾಮ್

ಈ ಮಗಳು ಕೊನೆಗೆ ಹೇಳಿದ ಮಾತನ್ನು ಇನ್ನೂರು ವರ್ಷದ ಹಿಂದೆ ಹೇಳಿದವರು ನಮ್ಮ ಗೋವೆಯ ಒಬ್ಬ ಪಾದ್ರಿ. ಇದನ್ನು ಹೇಳದೆ ಬಿಟ್ಟರೆ ಕೊಂಕಣಿ ಮಾತಾಡುವವನಾದ ನನಗೆ ನಿದ್ದೆ ಬರಲಿಕ್ಕಿಲ್ಲ.

ಮೊದಲು ಮೆಸ್ಮರ್ ಕಥೆ ಬೇಕು. ‘ಮೆಸ್ಮರೈಸ್ ಮಾಡಿದ’ ಅಂತ ಕ್ರಿಕೆಟ್ ಕಾಮೆಂಟರಿಯಲ್ಲೂ ಹೇಳುತ್ತಾರಲ್ಲ, ಅದು ಒಬ್ಬ ಮನುಷ್ಯನ ಹೆಸರು. ಫ್ರಾನ್ಜ್ ಆಂಟನ್ ಮೆಸ್ಮರ್, 1734ರಲ್ಲಿ ಹುಟ್ಟಿದ ಜರ್ಮನ್ ವೈದ್ಯ. ಮೈಯಲ್ಲಿ ಅಯಸ್ಕಾಂತದಂಥ ಒಂದು ದ್ರವ ಹರಿಯುತ್ತದೆ, ಅದು ಕಟ್ಟಿಕೊಂಡರೆ ಕಾಯಿಲೆ, ನನ್ನ ಕೈಯಿಂದ ಅದನ್ನು ಸರಿ ಮಾಡುತ್ತೇನೆ ಅಂದ. 1778ರಲ್ಲಿ ಪ್ಯಾರಿಸಿಗೆ ಬಂದ. ದೊಡ್ಡ ಮರದ ತೊಟ್ಟಿಯ ಸುತ್ತ ಶ್ರೀಮಂತರನ್ನೆಲ್ಲ ಕೂರಿಸಿ, ಕಬ್ಬಿಣದ ಸರಳು ಹಿಡಿಸಿ ಚಿಕಿತ್ಸೆ. ಜನವೋ ಜನ. 1784ರಲ್ಲಿ ರಾಜ ಒಂದು ಆಯೋಗ ಮಾಡಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು, ರಸಾಯನಶಾಸ್ತ್ರದ ಲವಾಸಿಯೇ ಇದ್ದರು.

ಆಯೋಗದವರು ಮಾಡಿದ ಒಂದು ಪರೀಕ್ಷೆ ಕೇಳಿ. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಮೆಸ್ಮರನ ಶಿಷ್ಯ ಒಂದು ಜರ್ದಾಳು ಮರಕ್ಕೆ ತನ್ನ ಶಕ್ತಿ ತುಂಬಿದ. ಆಮೇಲೆ 12 ವರ್ಷದ ಹುಡುಗನೊಬ್ಬನ ಕಣ್ಣು ಕಟ್ಟಿ ಒಂದೊಂದೇ ಮರ ತಬ್ಬಿಕೋ ಅಂದರು. ಹುಡುಗ ನಾಲ್ಕನೇ ಮರದ ಹತ್ತಿರ ಮೂರ್ಛೆ ಬಿದ್ದ. ಶಕ್ತಿ ತುಂಬಿದ ಮರ ಅದಲ್ಲ! ಇದು ದ್ರವವೂ ಅಲ್ಲ, ಅಯಸ್ಕಾಂತವೂ ಅಲ್ಲ, ಕಲ್ಪನೆಯ ಬಲ ಅಂತ ಆಯೋಗ ಬರೆಯಿತು. ಮೆಸ್ಮರನ ವ್ಯಾಪಾರ ಬಿತ್ತು. ಆದರೆ ಬರೀ ಕಲ್ಪನೆಯಿಂದ ಒಬ್ಬ ಹುಡುಗ ಮೂರ್ಛೆ ಹೋಗುತ್ತಾನಲ್ಲ, ಅದೇ ದೊಡ್ಡ ಸಂಗತಿ ಅಲ್ಲವೇ ಅಂತ ಆಗ ಯಾರೂ ಜಾಸ್ತಿ ಕೇಳಲಿಲ್ಲ.

ಕೇಳಿದವರು ನಮ್ಮ ಅಬೆ ಫರಿಯಾ. ಪೂರ್ತಿ ಹೆಸರು ಜೋಸೆ ಕುಸ್ತೋದಿಯೋ ದಿ ಫರಿಯಾ. 1756ರಲ್ಲಿ ಗೋವೆಯ ಕಾಂದೋಳಿಯಲ್ಲಿ ಹುಟ್ಟಿದವರು. ಹುಡುಗನಿದ್ದಾಗಲೇ ಅಪ್ಪನ ಜೊತೆ ಲಿಸ್ಬನ್ನಿಗೆ, ಆಮೇಲೆ ರೋಮಿಗೆ, ಕೊನೆಗೆ ಪ್ಯಾರಿಸಿಗೆ. 1813ರಲ್ಲಿ ಪ್ಯಾರಿಸಿನಲ್ಲಿ ಜನರ ಮುಂದೆ ಈ ವಿದ್ಯೆ ತೋರಿಸಲು ಶುರು ಮಾಡಿದರು. ತೊಟ್ಟಿ ಇಲ್ಲ, ಸರಳು ಇಲ್ಲ. ಆರಾಮವಾಗಿ ಕೂರಿಸಿ, ಕಣ್ಣು ಮುಚ್ಚಿ ನಿದ್ದೆಯ ಬಗ್ಗೆ ಯೋಚಿಸಿ ಅಂದು, ಒಮ್ಮೆಲೇ ಗಟ್ಟಿಯಾಗಿ ‘ನಿದ್ದೆ ಮಾಡಿ’ ಅನ್ನುವುದು. ನನ್ನ ಕೈಯಲ್ಲಿ ಯಾವ ಶಕ್ತಿಯೂ ಇಲ್ಲ, ಎಲ್ಲ ನಿಮ್ಮೊಳಗೇ ಇದೆ ಅನ್ನುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಫ್ರೆಂಚಿನಲ್ಲಿ ‘ತಿಳಿನಿದ್ದೆ’ ಎಂಬ ಅರ್ಥದ್ದು. 1819ರಲ್ಲಿ ಪುಸ್ತಕ ಬಂತು, ಅದೇ ವರ್ಷ ತೀರಿಹೋದರು.

ಅವರ ಬಗ್ಗೆ ಒಂದು ಕಥೆ ನಮ್ಮ ಮನೆಗಳಲ್ಲಿ ಹೇಳುತ್ತಾರೆ, ದಾಖಲೆ ಕೇಳಬೇಡಿ. ಲಿಸ್ಬನ್ನಿನಲ್ಲಿ ರಾಣಿಯ ಮುಂದೆ ಪ್ರವಚನ ಮಾಡಲು ನಿಂತ ತರುಣ ಪಾದ್ರಿಯ ಬಾಯಿ ಕಟ್ಟಿಹೋಯಿತಂತೆ. ಹಿಂದಿನಿಂದ ಅಪ್ಪ ಕೊಂಕಣಿಯಲ್ಲಿ ಪಿಸುಗುಟ್ಟಿದರು: ‘ಹೀ ಸಗ್ಳಿ ಭಾಜಿ, ಕಾತರ್ ರೇ ಭಾಜಿ.’ ಎದುರಿಗೆ ಇರುವುದೆಲ್ಲ ಬರೀ ತರಕಾರಿ, ಹೆಚ್ಚು ಮಗನೇ ಅಂತ. ಹೆದರಿಕೆ ಓಡಿಹೋಯಿತು, ಮಾತು ಹರಿಯಿತು. ಒಂದು ಮಾತಿಗೆ ಇಷ್ಟು ಬಲ ಹೇಗೆ ಅಂತ ಆವತ್ತಿನಿಂದ ಯೋಚಿಸಲು ಶುರು ಮಾಡಿದರಂತೆ.

ಪಣಜಿಯಲ್ಲಿ ಹಳೆ ಸೆಕ್ರೆಟೇರಿಯೇಟ್ ಪಕ್ಕ ಅವರ ವಿಗ್ರಹ ಉಂಟು, 1945ರದ್ದು. ಕೆಳಗೆ ಒಬ್ಬ ಹೆಂಗಸು ಬೀಳುತ್ತಿದ್ದಾಳೆ, ಇವರು ಎರಡೂ ಕೈ ಚಾಚಿ ನಿಂತಿದ್ದಾರೆ. ಚಂದದ ವಿಗ್ರಹ. ಆದರೆ ನೋಡಿದಾಗೆಲ್ಲ ನನಗೆ ನಗು ಬರುತ್ತದೆ. ಕೈಯಲ್ಲಿ ಏನೂ ಇಲ್ಲ ಅಂತ ಜೀವಮಾನ ಹೇಳಿದವರ ಕೈಯಿಂದಲೇ ಶಕ್ತಿ ಹರಿಯುವ ಹಾಗೆ ನಿಲ್ಲಿಸಿದ್ದಾರೆ.

ಪೆರ್ಲದ ಟೀಚರ್

ಮಾಮ್, ಇದನ್ನು ಎರಡು ಸಲ ಓದಿದೆ. ‘ಕಾತರ್ ರೇ ಭಾಜಿ’ ನಾಳೆಯೇ ನನ್ನ ಕ್ಲಾಸಿನಲ್ಲಿ ಹೇಳುತ್ತೇನೆ, ಭಾಷಣ ಸ್ಪರ್ಧೆಗೆ ನಡುಗುವ ಮಕ್ಕಳು ತುಂಬಾ ಇದ್ದಾರೆ.

ಹೊಸೂರು ಕನ್ನಡಿಗ

ನಾನು ತಮಿಳುನಾಡಿನ ಹೊಸೂರಿನವನು. ನಿಮ್ಮ ಕಥೆಯೇ ನಮ್ಮದು, ಮಲಯಾಳಂ ಜಾಗದಲ್ಲಿ ತಮಿಳು ಅಷ್ಟೇ. ಇಲ್ಲಿ ಮಾತಿನಲ್ಲಿ ‘ಮನೋವಸಿಯಂ’ ಅನ್ನುತ್ತಾರೆ. ವಸಿಯಂ ಅಂದರೆ ನಮ್ಮ ವಶವೇ. ಆದರೆ ಇನ್ನೊಂದು ಪದ ಉಂಟು, ‘ಅರಿತುಯಿಲ್’. ತುಯಿಲ್ ಅಂದರೆ ನಿದ್ದೆ, ಅರಿ ಅಂದರೆ ನಮ್ಮ ಅರಿವಿನ ಅರಿ. ಹಾಲ್ಗಡಲಿನಲ್ಲಿ ವಿಷ್ಣು ಮಲಗುವ ಯೋಗನಿದ್ರೆಗೆ ಹಳೆಯ ತಮಿಳಿನಲ್ಲಿ ಹಾಗೆ ಹೇಳುತ್ತಿದ್ದರು. ಎಲ್ಲ ಗೊತ್ತಿದ್ದೂ ಮಲಗಿರುವುದು. ಮಾಮ್ ಹೇಳಿದ ತಿಳಿನಿದ್ದೆಗೆ ಎಷ್ಟು ಹತ್ತಿರ ನೋಡಿ! ಕನ್ನಡದಲ್ಲಿ ‘ಅರಿನಿದ್ದೆ’ ಅಂತ ಮಾಡಿದರೆ ಹೇಗೆ?

ಹಾಗೇ, ಮೋಹಕ್ಕೆ ನಮ್ಮದೇ ಪದ ‘ಮರುಳು’ ಯಾರೂ ಎತ್ತಲಿಲ್ಲ. ತಮಿಳಿನಲ್ಲೂ ಮರುಳ್ ಉಂಟು. ಶೈವ ಕವಿ ಅಪ್ಪರ್ ಅವರ ಹುಟ್ಟುಹೆಸರು ಮರುಳ್‌ನೀಕ್ಕಿಯಾರ್, ಮರುಳನ್ನು ನೀಗುವವರು ಅಂತ. ಕನ್ನಡದವರೋ ಮಗನಿಗೆ ಮರುಳಸಿದ್ಧ ಅಂತಲೇ ಹೆಸರಿಡುತ್ತೇವೆ. ಅವರು ಮರುಳು ತೆಗೆಯುತ್ತಾರೆ, ನಾವು ಇಟ್ಟುಕೊಳ್ಳುತ್ತೇವೆ.

ಉಪ್ಪಳದ ಹುಡುಗ

ಅರಿನಿದ್ದೆ ಅಂತ ಕೊಟ್ಟರೆ ಪ್ರೆಸ್ಸಿನವ ‘ಅರೆನಿದ್ದೆ’ ಅಂತ ಅಚ್ಚು ಹಾಕುತ್ತಾನೆ, ಬೆಟ್ ಕಟ್ಟುತ್ತೇನೆ.

ಮರುಳು ಅಂದಾಗ ನೆನಪಾಯಿತು, ಜನ ಮರುಳೋ ಜಾತ್ರೆ ಮರುಳೋ. ಇನ್ನೂ ಉಂಟಲ್ಲ: ಮೋಡಿ, ಮಂಕುಬೂದಿ, ಕಣ್ಕಟ್ಟು. ಕಣ್ಕಟ್ಟು ಮಲಯಾಳಂನಲ್ಲೂ ಕಣ್‌ಕೆಟ್ಟ್, ತಮಿಳಿನಲ್ಲೂ ಕಣ್ಕಟ್ಟು. ಇದೊಂದಕ್ಕೆ ಅನುವಾದವೇ ಬೇಡ.

ನನ್ನ ಅತ್ತೆಯ ಎರಡು ಬಳೆ ಹೋದದ್ದು ಮಂಕುಬೂದಿಯಿಂದ. ಚಿನ್ನ ಪಾಲಿಶ್ ಮಾಡಿಕೊಡುತ್ತೇವೆ ಅಂತ ಇಬ್ಬರು ಬಂದಿದ್ದರು. ‘ಅವನ ಕಣ್ಣು ನೋಡಿದೆ, ಆಮೇಲೆ ಏನಾಯಿತು ಗೊತ್ತಿಲ್ಲ, ನಾನೇ ಬಿಚ್ಚಿ ಕೊಟ್ಟೆ’ ಅನ್ನುತ್ತಾರೆ. ಇದು ಹಿಪ್ನಾಟಿಸಂ ಅಲ್ವಾ ಹಾಗಾದರೆ?

ಕುಂಬಳೆ ಮೆಡಿಕಲ್ಸ್ ಅಣ್ಣ

ಅಲ್ಲ ತಮ್ಮ. ಒಂದು ನೋಟದಿಂದ ದಾರಿಯಲ್ಲಿ ಹೋಗುವವರನ್ನು ಹಾಗೆ ಮಾಡಲು ಆಗುವುದಿಲ್ಲ. ಅದು ಚಂದದ ಮಾತು, ಅವಸರ, ಸ್ವಲ್ಪ ಆಸೆ ಸೇರಿ ಆಗುವ ಮೋಸ. ಅತ್ತೆಯನ್ನು ದೂರುತ್ತಿಲ್ಲ ನಾನು. ‘ಮೋಸ ಹೋದೆ’ ಅಂದರೆ ಮನೆಯವರೆಲ್ಲ ಬೈಯುತ್ತಾರೆ. ‘ಮಂಕುಬೂದಿ ಎರಚಿದರು’ ಅಂದರೆ ಯಾರೂ ಬೈಯುವುದಿಲ್ಲ. ಆ ಪದ ಉಳಿದಿರುವುದೇ ಅದಕ್ಕೆ ಇರಬೇಕು.

ಗಡಿನಾಡಿಗ

ಎಲ್ಲ ಸರಿ, ಒಂದು ನೇರ ಪ್ರಶ್ನೆ. ಇಲ್ಲಿ ತೆಯ್ಯಂ ಉಂಟು, ಭೂತಕೋಲ ಉಂಟು. ಮೈಮೇಲೆ ದೈವದ ದರ್ಶನ ಬರುವುದೂ ಹಿಪ್ನಾಟಿಸಂ ತಾನೇ? ಯಾರೂ ಬಾಯಿ ಬಿಡುತ್ತಿಲ್ಲ.

ತಾಳಮದ್ದಳೆ ಮರುಳ

ನೀವು ಬೆಂಕಿ ಹಚ್ಚಲು ಬಂದವರು ಅಂತ ಕಾಣುತ್ತದೆ. ಮನೆದೈವದ ವಿಷಯ ಇಲ್ಲಿ ಬೇಡ.

ಬದಿಯಡ್ಕ ಮಾಷ್ಟ್ರು

ಜಗಳ ಬೇಡ. ಪದದ ಮಟ್ಟಿಗೆ ಹೇಳುತ್ತೇನೆ. ತುಳುವರು ‘ಮಾಯ’ ಮತ್ತು ‘ಜೋಗ’ ಎಂದು ಎರಡು ಮಾತು ಹೇಳುತ್ತಾರೆ. ಕಾಣದೆ ಇರುವುದು ಮಾಯ, ಮೈಮೇಲೆ ಬಂದು ಕಾಣಿಸಿಕೊಳ್ಳುವುದು ಜೋಗ. ಅಲ್ಲಿ ಕಟ್ಟುಪಾಡು, ವ್ರತ, ಪಾಡ್ದನ, ಊರಿನವರ ನಂಬಿಕೆ ಎಲ್ಲ ಇದೆ. ಅದಕ್ಕೆ ಅದರದೇ ಪದಗಳಿವೆ. ಮ್ಯಾಂಚೆಸ್ಟರಿನ ಸರ್ಜನ್ ಇಟ್ಟ ಹೆಸರನ್ನು, ಅದೂ ಅವರೇ ಬೇಡ ಅಂದ ಹೆಸರನ್ನು, ತಂದು ಅದಕ್ಕೆ ಅಂಟಿಸುವುದು ಯಾಕೆ?

ವಶೀಕರಣದ ಬಗ್ಗೆಯೂ ಒಂದು ನ್ಯಾಯದ ಮಾತು ಹೇಳಬೇಕು. ತಂತ್ರಶಾಸ್ತ್ರದ ಷಟ್ಕರ್ಮಗಳಲ್ಲಿ ಅದು ಸ್ತಂಭನ, ಉಚ್ಚಾಟನ, ಮಾರಣಗಳ ಸಾಲಿನಲ್ಲಿ ಕೂತಿದೆ, ಹಾಗಾಗಿ ಜನ ಹೆದರುವುದು ಸಹಜ. ಆದರೆ ಪತಂಜಲಿಯ ಯೋಗಸೂತ್ರದಲ್ಲಿ ‘ವಶೀಕಾರ’ ಎಂದರೆ ವೈರಾಗ್ಯ. ಅಲ್ಲಿ ವಶ ಮಾಡಿಕೊಳ್ಳಬೇಕಾದ್ದು ಪಕ್ಕದ ಮನೆಯವರನ್ನಲ್ಲ, ನಮ್ಮದೇ ಆಸೆಯನ್ನು. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಆ ಅರ್ಥ ಸಿಗುವುದಿಲ್ಲ, ಬಿಡಿ.

ಸೈಕಾಲಜಿ ವಿದ್ಯಾರ್ಥಿನಿ

ಟೀಚರ್, ಕರಪತ್ರದಲ್ಲಿ ‘ಸಜೆಶನ್’ ಎಂಬುದಕ್ಕೆ ಏನು ಹಾಕಿದ್ದೀರಿ? ‘ಸಲಹೆ’ ಅಂತ ಇದ್ದರೆ ದಯವಿಟ್ಟು ತೆಗೆಯಿರಿ. ಸಲಹೆ ಅಂದರೆ ಬೇಕಾದರೆ ಯೋಚಿಸಿ ನೋಡಿ ಅನ್ನುವುದು. ಇಲ್ಲಿ ಅದಲ್ಲ. ‘ನಿಮ್ಮ ಕೈ ಹಗುರವಾಗುತ್ತಿದೆ’ ಅಂತ ಹೇಳಿ, ಅದು ಹಗುರವಾಗುವ ಹಾಗೆ ಅನಿಸುವುದು. ನಾವು ‘ಸೂಚನೆ’ ಅಂತ ಬರೆಯುತ್ತೇವೆ.

ಇನ್ನೊಂದು ವಿಷಯ. ಹಿಪ್ನಾಟಿಸಂ ಮಾಡಿ ಸತ್ಯ ಬಾಯಿ ಬಿಡಿಸುತ್ತಾರೆ, ಹಳೆ ಜನ್ಮ ನೆನಪಿಸುತ್ತಾರೆ ಅಂತ ಕೆಲವರು ಕೇಳಿಕೊಂಡು ಬರುತ್ತಾರೆ. ಆ ಸ್ಥಿತಿಯಲ್ಲಿ ಇಲ್ಲದ ನೆನಪೂ ಹುಟ್ಟಿಕೊಳ್ಳುತ್ತದೆ, ಅದೂ ತುಂಬಾ ಖಾತ್ರಿಯಿಂದ. ಸಾಧ್ಯವಾದರೆ ಒಂದು ಸಾಲು ಸೇರಿಸಿ. ನಾರ್ಕೋ ಪರೀಕ್ಷೆಯೇ ಬೇರೆ, ಅಲ್ಲಿ ಔಷಧಿ ಚುಚ್ಚುತ್ತಾರೆ. ಒಪ್ಪಿಗೆ ಇಲ್ಲದೆ ಅದನ್ನು ಮಾಡುವ ಹಾಗಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕುಂಬಳೆ ಮೆಡಿಕಲ್ಸ್ ಅಣ್ಣ

ಸೂಚನೆ ಅಂದರೆ ಏನು ಅಂತ ನಮ್ಮವರಿಗೆ ವಿವರಿಸಲು ಒಂದೇ ಗಾದೆ ಸಾಕು. ಮದ್ದು ಕುಡಿಯುವಾಗ ಮಂಗನ ನೆನೆಯಬೇಡ. ಅಂಗಡಿಯಲ್ಲಿ ಹೇಳಿ ನೋಡಿದ್ದೇನೆ, ಗುಳಿಗೆ ಬಾಯಿಗೆ ಹಾಕುವಾಗ ಎಲ್ಲರೂ ನಗುತ್ತಾರೆ.

ಭಾರತಕ್ಕೂ ಇದರ ನಂಟು ಉಂಟು. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸರ್ಜನ್ 1845ರಲ್ಲಿ ಒಬ್ಬ ಕೈದಿಗೆ ವೃಷಣದ ಬಾವಿನ ಆಪರೇಷನ್ ಮಾಡುವಾಗ ಮೆಸ್ಮರನ ವಿಧಾನ ಬಳಸಿದರು. ಆಗ ಅರಿವಳಿಕೆ ಮದ್ದೇ ಇರಲಿಲ್ಲ, ನಾಲ್ಕು ಜನ ಅದುಮಿ ಹಿಡಿದು ಕೊಯ್ಯುವ ಕಾಲ. ಅದು ಹೆಸರಾಗಿ ಮರುವರ್ಷ ಕಲ್ಕತ್ತೆಯಲ್ಲಿ ಇದಕ್ಕೆಂದೇ ಆಸ್ಪತ್ರೆ ಶುರುವಾಯಿತು. ರೋಗಿಯ ಮೈ ಮೇಲೆ ಗಂಟೆಗಟ್ಟಲೆ ಕೈಯಾಡಿಸುವ ಕೆಲಸ ಮಾತ್ರ ಅಲ್ಲಿನ ಸಹಾಯಕರದ್ದು, ಹೆಸರು ಸಾಹೇಬರದ್ದು. ಅದೇ 1846ರಲ್ಲಿ ಅಮೆರಿಕದಲ್ಲಿ ಈಥರ್ ಬಂತು, 1847ರಲ್ಲಿ ಕ್ಲೋರೋಫಾರ್ಮ್. ಒಂದು ಬಾಟಲಿಯಲ್ಲಿ ಆಗುವ ಕೆಲಸಕ್ಕೆ ಗಂಟೆಗಟ್ಟಲೆ ಯಾರು ಕೈಯಾಡಿಸುತ್ತಾರೆ?

ಪೆರ್ಲದ ಟೀಚರ್

ಎಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಹೇಳುತ್ತೇನೆ, ನಗಬೇಡಿ.

ಕನ್ನಡದಲ್ಲಿ ‘ವಶ ಮಾಡಿಕೊಂಡ’ ಅಂದರೆ ಒಬ್ಬ ಮಾಡುವವನು ಇರಲೇಬೇಕು. ಸಮ್ಮೋಹನಗೊಳಿಸಿದ ಅಂದರೂ ಹಾಗೇ. ಆದರೆ ನಿದ್ದೆಗೆ ಏನನ್ನುತ್ತೇವೆ? ನಿದ್ದೆ ‘ಬಂತು’ ಅನ್ನುತ್ತೇವೆ. ಮಗುವನ್ನು ನಾನು ಮಲಗಿಸಬಹುದು. ತೊಟ್ಟಿಲು ತೂಗಿ, ಒಂದೇ ರಾಗದಲ್ಲಿ ಜೋಜೋ ಹೇಳಿ, ದೀಪ ಸಣ್ಣ ಮಾಡಬಹುದು. ನಿದ್ದೆ ಮಾತ್ರ ಅದಕ್ಕೇ ಬರಬೇಕು. ನನ್ನ ಎರಡನೆಯವನು ಮೂರು ವರ್ಷ ನನಗೆ ಇದನ್ನೇ ಕಲಿಸಿದ್ದು. ಫರಿಯಾ ಹೇಳಿದ್ದೂ ಇದೇ ಅಲ್ವಾ ಮಾಮ್? ಡಾಕ್ಟರು ತೊಟ್ಟಿಲು ತೂಗುತ್ತಾರೆ ಅಷ್ಟೇ. ಹಾಗಾಗಿ ನಿದ್ದೆ ಎಂಬ ಪದ ಶಾಸ್ತ್ರಕ್ಕೆ ತಪ್ಪಾದರೂ ಒಂದು ವಿಷಯದಲ್ಲಿ ಸರಿ ಇತ್ತು ಅನಿಸುತ್ತದೆ.

ಆದರೂ ಕರಪತ್ರದಲ್ಲಿ ಜೋಗುಳ ಬರೆಯಲು ಆಗುವುದಿಲ್ಲ. ಇದು ಹೊಸ ಕರಡು:

‘ಹಿಪ್ನಾಟಿಸಂ ಚಿಕಿತ್ಸೆ. ಇದು ವಶೀಕರಣ ಅಲ್ಲ. ನಿಮಗೆ ಪ್ರಜ್ಞೆ ತಪ್ಪುವುದಿಲ್ಲ. ಡಾಕ್ಟರು ಹೇಳುವುದು ನಿಮಗೆ ಕೇಳುತ್ತಿರುತ್ತದೆ. ಮಕ್ಕಳ ಜೊತೆ ತಂದೆತಾಯಿ ಕೂರಬಹುದು. ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು.’

ತಾಳಮದ್ದಳೆ ಮರುಳ

ಸಮ್ಮೋಹನ ಕೈಬಿಟ್ಟದ್ದಕ್ಕೆ ನನ್ನ ವಿರೋಧ ದಾಖಲಾಗಲಿ. ಆದರೆ ಕರಡು ಚೆನ್ನಾಗಿದೆ ಟೀಚರ್.

ಉಪ್ಪಳದ ಹುಡುಗ

‘ಇದು ವಶೀಕರಣ ಅಲ್ಲ’ ತೆಗೆಯಿರಿ ಟೀಚರ್! ಮಂಗನ ನೆನೆಯಬೇಡ ಅಂದ ಹಾಗೆ ಆಗುತ್ತದೆ. ಜನ ಓದುವುದು ವಶೀಕರಣ ಎಂಬ ಒಂದೇ ಪದ.

ಪೆರ್ಲದ ಟೀಚರ್

ಅಯ್ಯೋ, ಹೌದು ಮಾರಾಯ. ತೆಗೆದೆ.

ಪೆರ್ಲದ ಟೀಚರ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಪ್ರೂಫ್ ಬಂತು. ಪ್ರೆಸ್ಸಿನ ಹುಡುಗ ಮಲಯಾಳಂ ಮೀಡಿಯಂನಲ್ಲಿ ಓದಿದವನು, ‘ಹಿಪ್ನಾಟಿಸಂ’ ತಪ್ಪು ಅಂದುಕೊಂಡು ಎಲ್ಲ ಕಡೆ ‘ಹಿಪ್ನೋಟಿಸಂ’ ಅಂತ ತಿದ್ದಿಟ್ಟಿದ್ದಾನೆ. ಫೋನ್ ಮಾಡಿದರೆ ಈಗಾಗಲೇ ಇನ್ನೂರು ಪ್ರತಿ ಆಗಿದೆ ಟೀಚರೇ ಅನ್ನುತ್ತಾನೆ. ಮಾಷ್ಟ್ರೇ, ಏನು ಮಾಡಲಿ?

ಬದಿಯಡ್ಕ ಮಾಷ್ಟ್ರು

ಗ್ರೀಕರಿಗೂ ಅದು ಹಿಪ್ನೋಸ್ ತಾನೇ. ಇನ್ನೂರು ಹಾಗೇ ಇರಲಿ, ಉಳಿದದ್ದಕ್ಕೆ ‘ನಾ’ ಹಾಕಿಸಿ. ಮತ್ತೆ ‘ಪ್ರಜ್ಞೆ’ ಸರಿಯಾಗಿ ಬಂದಿದೆಯಾ ಒಮ್ಮೆ ನೋಡಿ, ಅಲ್ಲಿ ಸಾಮಾನ್ಯವಾಗಿ ‘ಪ್ರಗ್ನೆ’ ಮಾಡಿಡುತ್ತಾರೆ.